ಹೋಮ್ ಪೇಜಿನ ಜಗಳ

“ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.”

ಎಷ್ಟು ಸಲ ಒತ್ತಿದರೂ ಅದೇ ಹೆಣ್ಣುದನಿ, ಅದೇ ನಯ. ಸುಮನಾ ಫೋನನ್ನು ಬ್ಯಾಗಿಗೆ ತುರುಕಿದಳು.

ಅಜ್ಜಂಪುರದ ಸಮುದಾಯ ಭವನಕ್ಕೆ ಬೀಗ ಬಿದ್ದಿತ್ತು. ಮೆಟ್ಟಿಲ ಮೇಲೆ ಅಂತರಘಟ್ಟೆಯ ತಿಮ್ಮಕ್ಕ ತಲೆ ಮೇಲೆ ಸೆರಗು ಹೊದ್ದು ಬಿಸಿಲಲ್ಲೇ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ. ಹೆಜ್ಜೆ ಸಪ್ಪಳ ಕೇಳಿ ಮುಖ ಎತ್ತಿದಳು, ಆದರೆ ಸುಮನಾ ನಿಂತಿದ್ದ ಕಡೆಗಲ್ಲ.

“ಡಾಕ್ಟ್ರು ಬಂದ್ರೇನವ್ವಾ?”

ಡಾಕ್ಟರು ಬರುವಂತಿರಲಿಲ್ಲ. ಕಣ್ಣಿನ ಶಿಬಿರ ಅವತ್ತು ಬೆಳಿಗ್ಗೆಯೇ ದಿಢೀರನೆ ಕಡೂರಿಗೆ ಬದಲಾಗಿತ್ತು. ಆಪರೇಷನ್ನಿಗೆ ಆರಿಸಿದವರನ್ನು ಹತ್ತಿಸಿಕೊಂಡು ಅಲ್ಲಿಂದ ಬಸ್ಸು ಆಸ್ಪತ್ರೆಗೆ ಹೊರಟೂ ಆಗಿತ್ತು. ಆದರೆ ಶಿಬಿರ ನಡೆಸುತ್ತಿದ್ದ ಟ್ರಸ್ಟಿನ ವೆಬ್‌ಸೈಟಿನ ಹೋಮ್ ಪೇಜಿನಲ್ಲಿ ಇನ್ನೂ ‘ಅಜ್ಜಂಪುರ’ ಎಂದೇ ಇತ್ತು. ಪಕ್ಕದ ಮನೆಯವಳು ಮೊಬೈಲಿನಲ್ಲಿ ಅದನ್ನು ಓದಿ ತಿಮ್ಮಕ್ಕನನ್ನು ಬಸ್ಸು ಹತ್ತಿಸಿದ್ದಳು.

“ತಪ್ಪಾಯ್ತು ಅಜ್ಜಿ. ಇನ್ನು ಮುಂದಿನ ತಿಂಗಳೇ...”

“ಬಿಡವ್ವ. ಇಷ್ಟು ಕಾಲ ಕಾಣದೇ ಇದ್ದೀನಿ, ಇನ್ನೊಂದು ತಿಂಗ್ಳು ತಾನೆ. ನೀನ್ಯಾಕೆ ಬೇಜಾರು ಮಾಡ್ಕೋತೀಯ?”

ಅವಳು ಬಾಯಿಗೆ ಬಂದಂತೆ ಬೈದಿದ್ದರೆ ವಾಸಿಯಾಗಿತ್ತು. ಸುಮನಾಳಿಗೆ ಸಿಟ್ಟು ತಡೆಯಲಾಗಲಿಲ್ಲ. ಆ ಸಿಟ್ಟಿಗೆ ಒಂದು ಹೆಸರಿತ್ತು: ಓಂಕಾರೇಶ್.

ತರೀಕೆರೆಯಲ್ಲಿದ್ದ ‘ಹಣತೆ ನೇತ್ರ ಟ್ರಸ್ಟ್’ ಆಫೀಸನ್ನು ನೋಡಿಕೊಳ್ಳುತ್ತಿದ್ದವಳು ಸುಮನಾ. ಅದರ ವೆಬ್‌ಸೈಟ್ ಮಾಡಿಕೊಟ್ಟವನು ಕಡೂರಿನ ಓಂಕಾರೇಶ್. ಶಿಬಿರದ ದಿನವೋ ಸ್ಥಳವೋ ಬದಲಾದಾಗಲೆಲ್ಲ ಅವಳು ಅವನಿಗೆ ಫೋನ್ ಮಾಡಬೇಕು, ಅವನು ಸೈಟಿನಲ್ಲಿ ತಿದ್ದಬೇಕು. ಅದೇ ಪದ್ಧತಿಯೆಂದು ಅವಳು ನಂಬಿದ್ದಳು.

ನಂಬಿದ್ದಷ್ಟೇ ಅಲ್ಲ, ಅದು ಅವಳಿಗೆ ಇಷ್ಟವೂ ಆಗಿತ್ತು.

“ಶುಕ್ರವಾರ ಅಂತ ಹಾಕಿ.”

“ಹಾಕಿದೆ. ಊಟ ಆಯ್ತಾ?”

ಕೆಲವು ದಿನ ಬದಲಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಆಗಲೂ ಅವಳು ಏನಾದರೊಂದು ಹುಡುಕುತ್ತಿದ್ದಳು. “ಆ ಹಸಿರು ಸರಿ ಇಲ್ಲ ಕಣ್ರೀ.”

“ಯಾವ ಹಸಿರು ಬೇಕು ಮೇಡಂ? ಎಲೆ ಹಸಿರಾ, ಗಿಣಿ ಹಸಿರಾ?”

“ಮೊನ್ನೆ ನಾನು ಉಟ್ಟಿದ್ದ ಸೀರೆ ಥರದ್ದು...” ಎಂದವಳು ನಾಲಿಗೆ ಕಚ್ಚಿಕೊಂಡಿದ್ದಳು.

ಆ ಕಡೆಯಿಂದ ಮೆಲ್ಲಗೆ, “ಅದಾದ್ರೆ ಗೊತ್ತು.”

ಅವತ್ತು ಸಂಜೆಯೆಲ್ಲ ಅವಳು ಆ ಹಸಿರನ್ನೇ ನೋಡುತ್ತ ಕೂತಿದ್ದಳು. ಈಗ ನೆನೆಸಿಕೊಂಡರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅಜ್ಜಂಪುರದಿಂದ ಆಫೀಸಿಗೆ ಮರಳಿದಾಗ ಟ್ರಸ್ಟಿನ ಅಧ್ಯಕ್ಷ ಸೋಮಶೇಖರಪ್ಪನವರು ಎಲ್ಲರ ಎದುರಿಗೇ ಕೇಳಿದರು. “ವೆಬ್‌ಸೈಟ್ ಮಾಡ್ಸಿದ್ದು ಯಾಕಮ್ಮ? ಕಣ್ಣು ಕಾಣದೋರನ್ನ ಬಿಸಿಲಲ್ಲಿ ಕೂರ್ಸೋಕಾ?”

ಅದೇ ಕಟ್ಟಡದಲ್ಲಿ ಹೊಲಿಗೆ ತರಬೇತಿ ಕೇಂದ್ರವಿತ್ತು. ಅಲ್ಲಿನ ಮಲ್ಲಿಕಾಂಬ ಸುಮನಾಳ ಗೆಳತಿ. ದುಃಖ ಹೇಳಿಕೊಳ್ಳೋಣವೆಂದು ಹೋದರೆ ಅವಳು ಕಂಪ್ಯೂಟರಿನಲ್ಲಿ ಹೊಸ ಬ್ಯಾಚಿನ ದಿನ ಟೈಪ್ ಮಾಡಿ ಒಂದು ಬಟನ್ ಒತ್ತಿದಳು. ಮರುಕ್ಷಣ ಅದು ಕೇಂದ್ರದ ಹೋಮ್ ಪೇಜಿನಲ್ಲಿ ಬಂದು ಕೂತಿತು. ಆ ಸೈಟನ್ನು ಮಾಡಿದವನೂ ಓಂಕಾರೇಶನೇ.

“ನೀನೇ ಹಾಕ್ತೀಯಾ? ಅವ್ರಿಗೆ ಫೋನ್ ಮಾಡಲ್ವಾ?”

“ಯಾಕೆ ಮಾಡ್ಲಿ? ಸಿಎಂಎಸ್ ಅಂತೆ ಕಣೇ. ಲಾಗಿನ್ ಆಗೋದು, ಬರಿಯೋದು, ಪಬ್ಲಿಷ್ ಒತ್ತೋದು. ಮೊದಲನೇ ದಿನಾನೇ ಹೇಳ್ಕೊಟ್ರು. ಯಾಕೆ, ನಿಂಗೆ ಲಾಗಿನ್ ಕೊಟ್ಟಿಲ್ವಾ?”

ಸುಮನಾ ಬ್ಯಾಗು ಹೆಗಲಿಗೇರಿಸಿ ಎದ್ದಳು.

ಮರುದಿನ ಕಡೂರಿನಲ್ಲಿ ಬಸ್ಸಿಳಿದವಳು ಅವನ ಅಂಗಡಿಯ ಮಹಡಿ ಮೆಟ್ಟಿಲನ್ನು ದಡದಡನೆ ಹತ್ತಿದಳು. ಅವಳನ್ನು ಕಂಡ ಓಂಕಾರೇಶನ ಮುಖ ಅರಳಿತು. ಎದ್ದು ನಿಂತು, ಗಡಿಬಿಡಿಯಲ್ಲಿ ಕೂದಲು ಸರಿ ಮಾಡಿಕೊಂಡ.

“ಸುಮನಾ ಮೇಡಂ! ಒಂದು ಫೋನ್ ಮಾಡಿದ್ರೆ ನಾನೇ...”

“ಮಾಡಿದ್ದೆ. ನಿನ್ನೆ ಬೆಳಿಗ್ಗೆಯಿಂದ.”

“ಅಯ್ಯೋ, ಲಕ್ಕವಳ್ಳೀಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಇತ್ತು. ಡ್ಯಾಮಿನ ಆ ಕಡೆ ನೆಟ್‌ವರ್ಕೇ...”

“ಮಲ್ಲಿಕಾಂಬಂಗೆ ಲಾಗಿನ್ ಕೊಟ್ಟಿದೀರ. ನಂಗ್ಯಾಕೆ ಕೊಟ್ಟಿಲ್ಲ?”

ಅರಳಿದ್ದ ಮುಖ ಹಾಗೇ ಬಾಡಿತು. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. ಕಿವಿಯ ತುದಿಗಳು ಕೆಂಪಾದವು.

“ಕೊಟ್ಟಿದ್ರೆ... ನೀವು ಫೋನ್ ಮಾಡ್ತಿರ್ಲಿಲ್ಲ.”

ಇಂಥ ಒಂದು ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಅವಳು ಎಷ್ಟೋ ಸಲ ಆಸೆಪಟ್ಟಿದ್ದಳು. ಬೇರೆ ಯಾವ ದಿನ ಹೇಳಿದ್ದರೂ ತಲೆ ತಗ್ಗಿಸಿ ನಗುತ್ತಿದ್ದಳೇನೋ. ಇವತ್ತು ಮೈಯೆಲ್ಲ ಉರಿದುಹೋಯಿತು.

“ಅಂತರಘಟ್ಟೆ ತಿಮ್ಮಕ್ಕ ಅಂತ ಒಬ್ಬಳು ಅಜ್ಜಿ. ನಿನ್ನೆ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ಲು. ಗೊತ್ತಾ ನಿಮಗೆ? ನನ್ನ ದನಿ ಕೇಳೋ ಆಸೆಗೆ ಅವಳ ಕಣ್ಣು ಬೇಕಿತ್ತಾ?”

“ಇಷ್ಟೆಲ್ಲ ಆಗುತ್ತೆ ಅಂತ ನಾನು...”

“ಇಷ್ಟ ಇದ್ರೆ ಇಷ್ಟ ಅಂತ ಹೇಳ್ಬೇಕಿತ್ತು ಕಣ್ರೀ! ಬಾಯಿರ್ಲಿಲ್ವಾ? ನನ್ನ ಕೆಲಸಕ್ಕೆ ಬೀಗ ಹಾಕಿ ಕೀ ನಿಮ್ಮ ಜೇಬಲ್ಲಿಟ್ಕೊಂಡು, ಅದಕ್ಕೆ ಪ್ರೀತಿ ಅಂತ ಹೆಸ್ರು ಬೇರೆ!”

“ಆ ಹೆಸ್ರು ನಾನಿನ್ನೂ ಹೇಳಿರ್ಲಿಲ್ಲ,” ಎಂದ ಅವನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಅವಳ ಮುಖಕ್ಕೆ ರಕ್ತ ನುಗ್ಗಿತು. ಅದಕ್ಕೂ ಸಿಟ್ಟು ಬಂತು. “ಕೂತ್ಕೊಳ್ಳಿ. ಸೈಟ್ ತೆಗೀರಿ. ನಾನು ಹೇಳ್ದಂಗೆ ಮಾಡಿ.”

ಅವನು ಕೂತ. ಅವಳು ಕುರ್ಚಿಯ ಹಿಂದೆ ಕೈಕಟ್ಟಿ ನಿಂತಳು.

“ಮೊದಲು ಈ ಓಡೋ ಫೋಟೋಗಳನ್ನ ತೆಗೀರಿ.”

“ಅಧ್ಯಕ್ಷರ ಫೋಟೋ ಅದ್ರಲ್ಲೇ ಇದೆ.”

“ಅಧ್ಯಕ್ಷರ ಕಣ್ಣು ಚೆನ್ನಾಗೇ ಇದೆ. ಅವ್ರನ್ನ ಒಳಗಿನ ಪೇಜಿಗೆ ಹಾಕಿ. ಮೇಲೆ ಶಿಬಿರ ಯಾವತ್ತು, ಎಲ್ಲಿ, ಯಾರಿಗೆ ಫೋನ್ ಮಾಡ್ಬೇಕು, ಅಷ್ಟೇ ಇರ್ಲಿ. ಅಕ್ಷರ ದೊಡ್ಡದು ಮಾಡಿ.”

“ಇಷ್ಟು ಸಾಕಾ?”

“ಇನ್ನೂ ದೊಡ್ಡದು.”

“ಇಷ್ಟು?”

“ಓದೋರ ಕಣ್ಣಿಗೆ ಪೊರೆ ಬಂದಿರುತ್ತೆ ಕಣ್ರೀ, ನಿಮ್ಮ ಕಣ್ಣಿಗಲ್ಲ.”

ಅವನು ದೊಡ್ಡದು ಮಾಡಿದ. ದಿನಕ್ಕೊಂದು, ಊರಿಗೊಂದು, ಫೋನ್ ನಂಬರಿಗೊಂದು ಖಾಲಿ ಜಾಗ ಮಾಡಿ, ಅಲ್ಲಿ ಬರೆದದ್ದು ನೇರ ಹೋಮ್ ಪೇಜಿಗೆ ಹೋಗುವ ಹಾಗೆ ಜೋಡಿಸಿದ. ಸ್ಥಳ ಬದಲಾದರೆ ಮೇಲ್ಗಡೆ ಕೆಂಪು ಪಟ್ಟಿ ಬರುವ ಹಾಗೆ ಮಾಡಿದ. ತರಿಸಿದ್ದ ಟೀ ಇಬ್ಬರೂ ಮುಟ್ಟದೆ ಕೆನೆಗಟ್ಟಿತು.

“ದಿನ ಕಳೆದ ಮೇಲೆ ಹಳೇ ಸೂಚನೆ ತಾನಾಗೇ ಮಾಯ ಆಗೋ ಹಾಗೆ ಮಾಡ್ಲಾ?” ಅವನು ಹಿಂದೆ ತಿರುಗದೆ ಕೇಳಿದ. “ಯಾರು ಮರೆತ್ರೂ ಹಳೇದು ಉಳಿಯಲ್ಲ.”

ಒಳ್ಳೆಯ ಯೋಚನೆ. ಅವಳು ಹೊಗಳಲಿಲ್ಲ. “ಮಾಡಿ,” ಎಂದಳು.

ಬಾಗಿ ಪರದೆ ನೋಡುವಾಗ ಅವಳ ಜಡೆ ಅವನ ಭುಜಕ್ಕೆ ತಾಗಿತು. ಕೀಬೋರ್ಡಿನ ಮೇಲೆ ಅವನ ಬೆರಳು ನಿಂತವು. ಅವಳು ಜಡೆಯನ್ನು ಸಿಟ್ಟಿನಿಂದ ಬೆನ್ನಿಗೆ ಎಸೆದುಕೊಂಡಳು, ತಪ್ಪು ಜಡೆಯದೇ ಎಂಬಂತೆ.

ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಅವಳು ತನ್ನ ಮೊಬೈಲಿನಿಂದಲೇ ಒಂದು ಸೂಚನೆ ಬರೆದು ಪಬ್ಲಿಷ್ ಒತ್ತಿದಳು. ಅದು ಹೋಮ್ ಪೇಜಿನಲ್ಲಿ ಕಾಣಿಸಿಕೊಂಡಾಗ ನಗು ಬಂತು, ನುಂಗಿಕೊಂಡಳು. ಸೈಟನ್ನು ತಿದ್ದಬಲ್ಲವರ ಪಟ್ಟಿಯಲ್ಲಿ ಇಬ್ಬರ ಹೆಸರಿತ್ತು, ಅವಳದು ಮತ್ತು ಅವನದು.

“ನಿಮ್ಮ ಹೆಸ್ರು ತೆಗೀರಿ.”

“ಏನಾದ್ರೂ ಕೆಟ್ಟೋದ್ರೆ?”

“ಬೇಕಾದ್ರೆ ಕರೀತೀನಿ.”

ಅವನು ಕುರ್ಚಿ ಬಿಟ್ಟು ಎದ್ದ. “ನೀವೇ ತೆಗೀರಿ. ಇನ್ನು ಅದು ನಿಮ್ಮದು.”

ಅವಳು ಕೂತು ಅವನ ಹೆಸರನ್ನು ಅಳಿಸಿದಳು. ಖಂಡಿತವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದಳು. ಪಕ್ಕದಲ್ಲಿ ನಿಂತಿದ್ದವನು ಬಸ್ಸಿನಲ್ಲಿ ಹೊರಟವರನ್ನು ನೋಡುವ ಹಾಗೆ ಪರದೆಯನ್ನೇ ನೋಡುತ್ತಿದ್ದ.

ಆಮೇಲಿನ ವಾರಗಳಲ್ಲಿ ಅವಳು ಹೋಮ್ ಪೇಜನ್ನು ಆಫೀಸಿನಿಂದ ಬದಲಿಸಿದಳು, ಬಸ್ಸಿನಿಂದ ಬದಲಿಸಿದಳು, ಒಮ್ಮೆ ಸಂತೆಯಲ್ಲಿ ನಿಂತು ಟೊಮೆಟೊ ಆರಿಸುತ್ತಲೇ ಬದಲಿಸಿದಳು. ಯಾರನ್ನೂ ಕೇಳಬೇಕಿರಲಿಲ್ಲ. ಫೋನ್ ಮಾತ್ರ ತೆಪ್ಪಗೆ ಬಿದ್ದಿರುತ್ತಿತ್ತು. ಒಂದು ಫೋನ್ ಮಾಡೋಕೂ ಆಗಲ್ವಾ ಈ ಮನುಷ್ಯಂಗೆ, ಎಂದು ಸಿಡುಕುತ್ತಿದ್ದಳು. ಬಾಗಿಲು ಮುಚ್ಚಿ ಬಂದವಳು ತಾನೇ ಎಂದು ನೆನಪಾದಾಗ ತನ್ನ ಮೇಲೂ ಸಿಡುಕುತ್ತಿದ್ದಳು.

ಮುಂದಿನ ಶಿಬಿರ ತರೀಕೆರೆಯಲ್ಲೇ ನಡೆಯಿತು. ಬೆಳಿಗ್ಗೆ ಜನ ಬರುವ ಹೊತ್ತಿಗೆ ಒಂದು ಹಳೆಯ ಕಾರು ಬಂದು ನಿಂತಿತು. ಓಂಕಾರೇಶ್ ಇಳಿದು, ಆ ಕಡೆಯ ಬಾಗಿಲು ತೆಗೆದು, ತಿಮ್ಮಕ್ಕನ ಕೈ ಹಿಡಿದು ಇಳಿಸಿದ. ಸುಮನಾಳನ್ನು ನೋಡಿದವನೇ ಬೇರೆ ಕಡೆ ಮುಖ ಮಾಡಿದ.

ಡಾಕ್ಟರು ತಿಮ್ಮಕ್ಕನನ್ನು ಆಪರೇಷನ್ನಿಗೆ ಆರಿಸಿದರು. ಬಸ್ಸು ಹತ್ತಿಸುವಾಗ ಅವಳು ಸುಮನಾಳ ಕಿವಿಯ ಹತ್ತಿರ ಹೇಳಿದಳು. “ಈ ಹುಡ್ಗ ಆವಾಗಾವಾಗ ಮನೆತಂಕ ಬಂದು ನೋಡ್ಕೊಂಡು ಹೋಗ್ತಿದ್ದ ಕಣವ್ವ. ನಾನು ನಿಂಗೇನಾಗ್ಬೇಕಪ್ಪಾ ಅಂತ ಕೇಳ್ದೆ. ತಪ್ಪು ಮಾಡಿದೀನಿ ಅಜ್ಜಿ ಅಂದ. ಏನು ಅಂತ ಮಾತ್ರ ಬಾಯಿ ಬಿಡ್ಲಿಲ್ಲ.”

ಬಸ್ಸು ಹೋಯಿತು. ಸುಮನಾ ಸರಸರನೆ ಕಾರಿನ ಹತ್ತಿರ ಹೋದಳು.

“ಅಜ್ಜಿ ಮನೆಗೆ ಹೋಗ್ತಿದ್ದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮಗೋಸ್ಕರ ಮಾಡಿದ ಹಾಗಾಗ್ತಿತ್ತು,” ಎಂದ ಅವನು. “ಅದು ನಾನು ಅವ್ರಿಗೆ ಮಾಡ್ಬೇಕಾಗಿದ್ದು.”

ಸಿಟ್ಟಿನ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದವಳು ಅವನನ್ನೇ ನೋಡಿದಳು. ಅವನು ಸೊರಗಿದ್ದ. ಅವಳನ್ನು ನೋಡಬೇಕೆಂದು ಕಣ್ಣೆತ್ತುವುದು, ಧೈರ್ಯ ಸಾಲದೆ ಅವಳ ಸೆರಗಿನ ಅಂಚಿನ ತನಕ ಬಂದು ನಿಲ್ಲುವುದು. ಹಾಗೇ ಮಾಡುತ್ತಿದ್ದ.

“ಮುಖ ನೋಡಿ ಮಾತಾಡಿ,” ಎಂದಳು.

ಅವನು ನೋಡಿದ.

“ಈ ಭಾನುವಾರ ನಮ್ಮೂರು ಲಿಂಗದಹಳ್ಳಿಗೆ ಬನ್ನಿ. ತೀರ್ಥಪ್ಪನೋರ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ. ನಮ್ಮಪ್ಪನ ಹತ್ರ ಮಾತಾಡಿ. ನಂಗೂ ನೀವು ಇಷ್ಟ. ಮೊದಲಿಂದಾನೂ.”

ಓಂಕಾರೇಶ್ ಕಾರಿನ ಬಾಗಿಲು ಹಿಡಿದುಕೊಂಡ. “ಕೋಪ... ಹೋಯ್ತಾ?”

“ಎಲ್ಲಿ ಹೋಯ್ತು? ಹಾಗೇ ಇದೆ. ಅದು ಹೋಗ್ಲಿ ಅಂತ ಕಾಯ್ತಾ ಕೂತ್ರೆ ಮುದುಕಿ ಆಗ್ಬಿಡ್ತೀನಿ ಕಣ್ರೀ.”

ಅವನು ನಕ್ಕುಬಿಟ್ಟ. ನಗುತ್ತಲೇ ಕಣ್ಣು ಒರೆಸಿಕೊಂಡ.

“ನಗ್ಬೇಡಿ,” ಎಂದು ಗದರಿದಳು. ಅವಳ ತುಟಿಯೂ ಅವಳ ಮಾತು ಕೇಳುತ್ತಿರಲಿಲ್ಲ.

“ಬರ್ತಾ ಏನು ತರ್ಲಿ?”

“ನಿಮ್ಮಪ್ಪ ಅಮ್ಮನ್ನ,” ಎಂದವಳೇ ಕಾದು ನಿಂತಿದ್ದ ಜನರ ಕಡೆಗೆ ನಡೆದಳು.