ಕನಸಿನಲ್ಲಿ ನೀರು ಕೊಟ್ಟವನು

"ಯಾರೇ ಕೊಟ್ರು ನೀರು? ಹೇಳೇ, ನಾಚ್ಕೋಬೇಡ."

ಬಸೀಮಾ ಚಿಕ್ಕಮ್ಮ ಚಹಾದ ಲೋಟ ಹಿಡಿದುಕೊಂಡೇ ಬಂದು, ನಹ್ರೀನಳ ಎದುರು ಕುರ್ಚಿ ಎಳೆದು ಕೂತಳು. ಇರಾಕಿನ ಕರಮ್ಲೇಸ್ ಊರಿನ ಎಲ್ಲ ಹುಡುಗಿಯರಿಗೂ ಅವಳು ಚಿಕ್ಕಮ್ಮನೇ. ಯುದ್ಧಕ್ಕೆ ಹೆದರಿ ಊರು ಬಿಟ್ಟು ಜೋರ್ಡಾನಿನ ಅಮ್ಮಾನ್‌ಗೆ ಓಡಿಬಂದ ಮೇಲಂತೂ ಅವಳ ಅಧಿಕಾರ ಇನ್ನೂ ಹೆಚ್ಚಿತ್ತು.

ನಿನೆವೆಯ ಉಪವಾಸ ಮುಗಿದ ಗುರುವಾರ. ಬಲಿಪೂಜೆ ಮುಗಿಸಿ ಎಲ್ಲರೂ ಚರ್ಚಿನ ಕೆಳಗಿನ ಹಾಲ್‌ಗೆ ಇಳಿದಿದ್ದರು. ಪ್ರವಾದಿ ಯೋನ ಮೀನಿನ ಹೊಟ್ಟೆಯಲ್ಲಿ ಕಳೆದ ಲೆಕ್ಕಕ್ಕೆ ಮೂರು ದಿನ ಬಾಯಿ ಕಟ್ಟಿದ್ದ ಜನ ಅವರು. ಈಗ ಚಹಾ, ಖರ್ಜೂರ ತುಂಬಿದ ಕ್ಲೇಚಾ ಬಿಸ್ಕತ್ತು, ಜೊತೆಗೆ ಮದುವೆಯಾಗದವರನ್ನು ಹಿಡಿದು ಗೋಳುಹೊಯ್ದುಕೊಳ್ಳುವ ಕೆಲಸ.

ಉಪವಾಸದ ಕೊನೆಯ ರಾತ್ರಿ ಮದುವೆಯಾಗದವರೆಲ್ಲ ಪೋಖೀನ್ ತಿನ್ನಬೇಕು. ಧಾನ್ಯಗಳನ್ನು ಹುರಿದು, ಬೀಸಿ, ನಾಲಿಗೆ ಸುಡುವಷ್ಟು ಉಪ್ಪು ಕಲಸಿದ ಹಿಟ್ಟು ಅದು. ತಿಂದಮೇಲೆ ಒಂದು ಗುಟುಕು ನೀರೂ ಕುಡಿಯದೆ ಮಲಗಬೇಕು. ಕನಸಿನಲ್ಲಿ ಯಾರು ಬಂದು ನೀರು ಕೊಡುತ್ತಾರೋ ಅವರ ಜೊತೆಗೇ ಮದುವೆ. ಓಡಿಬರುವಾಗ ಪಾತ್ರೆ ಪಡಗ ಬಿಟ್ಟುಬಂದಿದ್ದ ಊರು, ಇದೊಂದನ್ನು ಮಾತ್ರ ಜೋಪಾನವಾಗಿ ಹೊತ್ತು ತಂದಿತ್ತು.

"ಯಾರೂ ಬರ್ಲಿಲ್ವಾ? ಅಯ್ಯೋ ಪಾಪ! ಆಸ್ಟ್ರೇಲಿಯಾಗೆ ಹೋಗೋಳಿಗೆ ನೀರು ಕೊಡೋಕೆ ಕಾಂಗರೂನೇ ಬರ್ಬೇಕು," ಎಂದಳು ಬಸೀಮಾ. ಹೆಂಗಸರೆಲ್ಲ ಗೊಳ್ಳೆಂದರು.

ನಹ್ರೀನ್ ನಗಲಿಲ್ಲ. ಅವಳ ಕಣ್ಣು ಹಾಲ್‌ನ ಮೂಲೆಯಲ್ಲಿ ಚಹಾ ಬಗ್ಗಿಸುತ್ತಿದ್ದ ಸರ್ಮದ್‌ನ ಮೇಲಿತ್ತು. ತೋಳು ಮಡಚಿದ್ದ. ಬೇಕರಿಯಿಂದ ನೇರ ಬಂದಿದ್ದನೇನೋ, ಮೊಣಕೈ ಹತ್ತಿರ ಹಿಟ್ಟು ಮೆತ್ತಿಕೊಂಡಿತ್ತು. ಹಣೆಯ ಮೇಲೆ ಬಿದ್ದ ಕೂದಲನ್ನು ಕೈಯಲ್ಲಿ ಸರಿಸಲಾಗದೆ ಉಫ್ ಎಂದು ಊದಿಕೊಳ್ಳುವ ಅದೇ ಅಭ್ಯಾಸ. ಅದನ್ನು ನೋಡಿದಾಗಲೆಲ್ಲ ಅವಳ ಎದೆಯಲ್ಲಿ ಏನೋ ಕರಗುತ್ತಿತ್ತು. ಈವತ್ತು ಮಾತ್ರ ಮೈಯೆಲ್ಲ ಉರಿಯಿತು.

ಯಾಕೆಂದರೆ ಅವನು ಅವಳನ್ನು ನೋಡುತ್ತಿರಲಿಲ್ಲ. ವೀಸಾ ಬಂದ ದಿನದಿಂದ ಒಮ್ಮೆಯೂ ನೋಡಿರಲಿಲ್ಲ. ಅದಕ್ಕೆ ಮುಂಚೆ ಬೇಕರಿಗೆ ಹೋದರೆ ಕಣ್ಣು ಮಿಟುಕಿಸಿ ಒಂದು ಸಮೂನ್ ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದವನು, "ಇದು ನಿನ್ನ ಬಾಯಿ ಮುಚ್ಚಿಸೋಕೆ" ಎನ್ನುತ್ತಿದ್ದವನು, ಈಗ ಅವಳ ನೆರಳು ಕಂಡರೂ ಬೇರೆ ಕಡೆ ತಿರುಗುತ್ತಿದ್ದ. ಸೋಮವಾರ ಅವಳ ವಿಮಾನ. ಅಪ್ಪ, ಅಮ್ಮ, ಅವಳು. ಸರ್ಮದ್‌ನ ವೀಸಾ ಫೈಲು ಇನ್ನೂ ಕದಲಿರಲಿಲ್ಲ.

"ಬಂದಿದ್ದ," ಎಂದಳು ನಹ್ರೀನ್, ಇಡೀ ಹಾಲ್‌ಗೆ ಕೇಳುವಂತೆ. "ಸರ್ಮದ್ ಬಂದಿದ್ದ. ಅವನೇ ಕೊಟ್ಟಿದ್ದು."

ಬಸೀಮಾ ಕೈ ಬಾಯಿಗಿಟ್ಟು ಮದುವೆಮನೆಯ ಕೇಕೆ ಹಾಕಿದಳು. ಉಳಿದವರೂ ದನಿಗೂಡಿಸಿದರು. ಸರ್ಮದ್‌ನ ಕೈಯಲ್ಲಿದ್ದ ಲೋಟ ತುಂಬಿ, ಬಿಸಿ ಚಹಾ ಅವನ ಬೆರಳ ಮೇಲೆ ಹರಿಯಿತು. ಅವನು ಕೆಟಲನ್ನು ಮೆಲ್ಲಗೆ ಕೆಳಗಿಟ್ಟ. ಅವಳನ್ನಲ್ಲ, ಅವಳ ಅಪ್ಪ ಹಿಕ್ಮತ್‌ನನ್ನು ನೋಡಿದ. ಮರುಗಳಿಗೆ ಮೆಟ್ಟಿಲು ಹತ್ತಿ ಹೊರಟುಹೋದ.

ನಿಜವಾಗಿ ನಹ್ರೀನಳಿಗೆ ಕನಸೇ ಬಿದ್ದಿರಲಿಲ್ಲ. ನಿದ್ದೆಯೇ ಬಂದಿರಲಿಲ್ಲ. ಪೋಖೀನ್ ತಿಂದು ಹೊರಳಾಡಿ ಹೊರಳಾಡಿ, ಕೊನೆಗೆ ಎದ್ದು ಅಡುಗೆಮನೆಯ ನಲ್ಲಿಗೇ ಬಾಯಿಟ್ಟಿದ್ದಳು. ದೇವರು ತಾನಾಗಿ ಕೊಡದಿದ್ದರೆ ಕೈ ಹಾಕಿ ಕಿತ್ತುಕೊಳ್ಳುತ್ತೇನೆ ಎಂದು ಬೆಳಗಾಗುವಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದಳು.

ಮನೆಗೆ ಬಂದು ಬಾಗಿಲು ಹಾಕುವಷ್ಟರಲ್ಲಿ ಅಪ್ಪನ ತಾಳ್ಮೆ ಮುಗಿದಿತ್ತು.

"ನಾಲಿಗೆ ಮೇಲೆ ಪ್ರಸಾದ ಇನ್ನೂ ಕರಗಿಲ್ಲ, ಅಷ್ಟರಲ್ಲಿ ಎಲ್ಲರ ಮುಂದೆ ನಿಂತು..."

"ಅಪ್ಪಾ, ನಾನೇನು ಕಳ್ಳತನ ಮಾಡಿದ್ನಾ?"

"ಫೈಲಲ್ಲಿ ನೀನು ಮದುವೆಯಾಗದ ಮಗಳು. ಅಲ್ಲಿ ಒಂದು ಅಕ್ಷರ ಬದಲಾದ್ರೆ ಇಡೀ ಫೈಲು ತಿರುಗಿ ತಳಕ್ಕೆ ಹೋಗುತ್ತೆ. ಅಮ್ಮನ ಗತಿ ಏನು?"

ಹಾಗೆಂದು ಅಮ್ಮಾನ್‌ನ ಇರಾಕಿಗಳೆಲ್ಲ ಹೇಳುತ್ತಿದ್ದರು. ಪರೀಕ್ಷಿಸಿ ನೋಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅಮ್ಮ ಶಮ್ಮೆಯ ಎರಡೂ ಕಿಡ್ನಿ ಹೋಗಿ ವರ್ಷಗಳಾಗಿದ್ದವು. ಡಯಾಲಿಸಿಸ್‌ಗೆ ಚರ್ಚು ಕೊಡುತ್ತಿದ್ದ ಸಹಾಯ ಎಂದು ನಿಲ್ಲುತ್ತದೋ ಗೊತ್ತಿರಲಿಲ್ಲ. ಈ ಮೊದಲು ಎರಡು ಸಲ, ಇನ್ನೇನು ಟಿಕೆಟ್ ಬಂತು ಎನ್ನುವಾಗ ವೈದ್ಯಕೀಯ ಪರೀಕ್ಷೆಯ ಅವಧಿ ಮುಗಿದು, ಎಲ್ಲವೂ ಮೊದಲಿನಿಂದ ಶುರುವಾಗಿತ್ತು.

"ಬದಲಾಯಿಸೋಕೆ ಯಾರಿದ್ದಾರಪ್ಪಾ? ಅವನು ನನ್ನ ಮುಖಾನೂ ನೋಡಲ್ಲ!"

"ನೋಡ್ಬಾರ್ದು ಅಂತ ನಾನೇ ಅವನ ಹತ್ರ ಆಣೆ ಮಾಡಿಸ್ಕೊಂಡಿದ್ದೀನಿ!"

ಹೇಳಿದ ಮೇಲೆ ಹಿಕ್ಮತ್‌ಗೆ ತಾನೇನು ಹೇಳಿದೆ ಎಂದು ಗೊತ್ತಾಯಿತು. ಜಪಮಾಲೆಯನ್ನು ಕೈಯಿಂದ ಕೈಗೆ ಬದಲಾಯಿಸಿದ.

"ವೀಸಾ ಬಂದ ದಿನ ಮನೆಗೆ ಬಂದಿದ್ದ. ನಿನ್ನ ಕೇಳೋಕೆ. ವಿಮಾನ ಹತ್ತೋ ತನಕ ಮದುವೆ ವಿಷಯ ಅವಳ ಹತ್ರ ಎತ್ತಬೇಡ, ಒಂದು ಮಾತು ಕೊಟ್ರೂ ಅವಳು ಇಲ್ಲೇ ಉಳೀತಾಳೆ ಅಂದೆ. ಶಿಲುಬೆ ಮುಟ್ಟಿ ಹೂಂ ಅಂದ. ನನ್ನ ಬೈಕೋ, ಅವನನ್ನ ಬೈಬೇಡ."

ಕೇಳೋಕೆ ಬಂದಿದ್ದ. ಇಷ್ಟು ದಿನ ದಿಂಬು ಒದ್ದೆ ಮಾಡಿಕೊಂಡು ತಾನು ಶಪಿಸಿದ್ದು ಇಂಥವನನ್ನು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಸಂತೋಷದ ಹಿಂದೆಯೇ ಸಿಟ್ಟು ಬಂತು. ನಹ್ರೀನ್ ಕೋಟು ಹಾಕಿಕೊಳ್ಳದೆಯೇ ಬೀದಿಗಿಳಿದಳು.

ಬೇಕರಿಯಲ್ಲಿ ಸಂಜೆಯ ಜನ. ಸರ್ಮದ್ ಒಲೆಯ ಮುಂದೆ ನಿಂತು ಉದ್ದ ಹಲಗೆಯಿಂದ ಸಮೂನ್ ಎಳೆಯುತ್ತಿದ್ದ. ಚಹಾ ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

"ಅಪ್ಪ ಎಲ್ಲ ಹೇಳಿದ್ರು," ಎಂದಳು.

"ಎಷ್ಟು ಸಮೂನ್ ಬೇಕು?"

"ನಾನು ಹೋಗಲ್ಲ. ನಡಿ, ಈಗಲೇ ಅಬೂನಾ ತೋಮಾ ಹತ್ರ ಹೋಗೋಣ. ಪಾದ್ರಿ ಆದೋರು ಬೇಡ ಅಂತಾರಾ?"

"ಬಿಸಿ ಇದೆ. ನಾಲ್ಕು ಹಾಕ್ಲಾ?"

"ಸರ್ಮದ್!"

ಸಾಲಿನಲ್ಲಿದ್ದ ಮುದುಕನೊಬ್ಬ ಕೆಮ್ಮಿದ. "ಹಾಕಪ್ಪಾ ನಾಲ್ಕು. ಇಲ್ದಿದ್ರೆ ಅವಳು ನಿನ್ನನ್ನೇ ಒಲೆಗೆ ಹಾಕ್ತಾಳೆ."

ಸರ್ಮದ್‌ನ ತುಟಿಯ ಕೊನೆ ನಡುಗಿತು, ನಗೆಯೋ ಅಳುವೋ ತಿಳಿಯಲಿಲ್ಲ. ಕಾಗದದಲ್ಲಿ ರೊಟ್ಟಿ ಸುತ್ತಿ ಕೈಗಿತ್ತ. ಆಗ ಒಂದೇ ಒಂದು ಸಲ, ಅಷ್ಟು ದಿನಗಳಲ್ಲಿ ಮೊದಲ ಸಲ, ಕಣ್ಣೆತ್ತಿ ನೋಡಿದ. ಆ ನೋಟವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಅವನಿಗೆ ಹೇಳಬೇಕಾದ್ದೆಲ್ಲ ಅದರಲ್ಲಿತ್ತು, ಬಾಯಿ ಮಾತ್ರ ಬಿಗಿದಿತ್ತು.

"ದೇವರ ಸಮಯ, ದೇವರ ಸಮಯ ಅಂತ ಯಾವಾಗ್ಲೂ ಹೇಳ್ತಿದ್ದೆಯಲ್ಲಾ? ಯೋನ ಮೂರು ದಿನ ಇದ್ದ ಮೀನಿನ ಹೊಟ್ಟೇಲಿ. ನಾವು ಎಷ್ಟು ವರ್ಷ ಇರ್ಬೇಕು?" ಅವಳು ರೊಟ್ಟಿಯ ಪೊಟ್ಟಣ ಹಿಡಿದು ಒಂದು ಹೆಜ್ಜೆ ಹತ್ತಿರ ಬಂದಳು. "ಸೋಮವಾರ ಏರ್‌ಪೋರ್ಟಿಗೆ ಬಾ. ಹೋಗಬೇಡ ಅನ್ನು. ಅಲ್ಲಿಂದಲೇ ವಾಪಸ್ ಬರ್ತೀನಿ."

ಅವನು ಒಲೆಯ ಕಡೆ ತಿರುಗಿಕೊಂಡ. ಮನೆಗೆ ಬಂದು ಕಾಗದ ಬಿಚ್ಚಿದರೆ ಒಳಗೆ ಐದು ಸಮೂನ್ ಇದ್ದವು.

ಶನಿವಾರ ಅಮ್ಮಾನ್‌ನಲ್ಲಿ ಅಮ್ಮನ ಕೊನೆಯ ಡಯಾಲಿಸಿಸ್. ಯಂತ್ರ ಗುಂಯ್‌ಗುಡುತ್ತಿತ್ತು. ನಹ್ರೀನ್ ಅಮ್ಮನ ಕಾಲ ಬಳಿ ಕೂತು ಕಂಬಳಿಯ ಅಂಚು ಹಿಂಡುತ್ತಿದ್ದಳು. ಮನೆಯಲ್ಲಿ ಅವಳ ಸೂಟ್‌ಕೇಸ್ ಇನ್ನೂ ಖಾಲಿಯಾಗಿಯೇ ಬಾಯಿ ತೆರೆದುಕೊಂಡಿತ್ತು.

"ನೀನು ಉಳಿದ್ರೆ ನಾನು ಬೈಯಲ್ಲ," ಎಂದಳು ಅಮ್ಮ ಇದ್ದಕ್ಕಿದ್ದಂತೆ.

"ನಾನಿಲ್ದೆ ನೀನು ಹೋಗ್ತೀಯಾ?"

"ಇಲ್ಲ. ನೀನಿಲ್ದೆ ಅಲ್ಲಿನ ಡಾಕ್ಟರಿಗೆ ನನ್ನ ನೋವು ಯಾವ ಭಾಷೇಲಿ ಹೇಳ್ಲಿ? ನಾನೂ ಉಳೀತೀನಿ. ಅಷ್ಟೇ ತಾನೇ."

"ಇದು ಹೆದರಿಸೋದಲ್ವಾ ಅಮ್ಮಾ?"

"ಅಲ್ಲ ಕಣೇ, ಇದ್ದಿದ್ದು ಇದ್ಹಂಗೆ ಹೇಳ್ದೆ." ಶಮ್ಮೆ ಯಂತ್ರದ ಕೊಳವೆಯಲ್ಲಿ ಹರಿಯುತ್ತಿದ್ದ ತನ್ನ ರಕ್ತವನ್ನೇ ನೋಡಿದಳು. "ಮೊದಮೊದಲು ನರ್ಸಮ್ಮನ ಕಾಡ್ತಿದ್ದೆ, ಇದನ್ನ ಸ್ವಲ್ಪ ಜೋರಾಗಿ ಬಿಡಮ್ಮಾ, ಬೇಗ ಮನೆಗೆ ಹೋಗ್ಬೇಕು ಅಂತ. ಜೋರಾಗಿ ಬಿಟ್ರೆ ನಿಮ್ಮ ಹೃದಯ ನಿಲ್ಲುತ್ತೆ ಅಂದ್ಲು. ಆಮೇಲೆ ಸುಮ್ನೆ ಕೂರೋದು ಕಲಿತೆ. ಎಷ್ಟೋ ದಿನ ದೇವರಿಗೆ ಬೈಕೊಂಡೇ ಕೂತಿದ್ದೀನಿ. ಆದ್ರೂ ಕೂತಿದ್ದೀನಿ. ನಂಬಿಕೆ ಅಂದ್ರೆ ನನಗೆ ಗೊತ್ತಿರೋದು ಅಷ್ಟೇ."

ಅಮ್ಮನ ಪಾದ ತಣ್ಣಗಿತ್ತು, ನಹ್ರೀನ್ ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತಾ ಕೂತಳು. ಆ ರಾತ್ರಿ ಸೂಟ್‌ಕೇಸ್‌ಗೆ ಬಟ್ಟೆ ಹಾಕಿದಳು. ಹಾಕಿ ಮತ್ತೆ ತೆಗೆದಳು. ಭಾನುವಾರ ತಿರುಗಿ ಹಾಕಿದಳು.

ಸೋಮವಾರ ವಿಮಾನ ನಿಲ್ದಾಣದಲ್ಲಿ ಅರ್ಧ ಕರಮ್ಲೇಸ್ ಬಂದು ನಿಂತಿತ್ತು. ಬಸೀಮಾ ಅತ್ತು ಅತ್ತು ಮೂಗು ಕೆಂಪು ಮಾಡಿಕೊಂಡಿದ್ದಳು. ಸರ್ಮದ್ ಮಾತ್ರ ಕಾಣಲಿಲ್ಲ.

ಅಮ್ಮ ಗಾಲಿಕುರ್ಚಿಯಲ್ಲಿದ್ದಳು. ಹಿಕ್ಮತ್ ಕಾಗದಪತ್ರಗಳ ಚೀಲವನ್ನು ಎದೆಗವಚಿಕೊಂಡು ತಪಾಸಣೆಯ ಸಾಲಿನಲ್ಲಿ ನಿಂತಿದ್ದ. ಸಾಲು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿತ್ತು. ನಹ್ರೀನ್ ಪ್ರತಿ ಹೆಜ್ಜೆಗೂ ಹಿಂದೆ ತಿರುಗಿ ಬಾಗಿಲು ನೋಡುತ್ತಿದ್ದಳು. ಅವನು ಬಂದು ಹೋಗಬೇಡ ಎಂದರೆ ಏನು ಮಾಡುವುದು? ಬರದೇ ಇದ್ದರೆ ಏನು ಮಾಡುವುದು? ಎರಡಕ್ಕೂ ಒಂದೇ ಭಯ.

'ಸ್ವಾಮೀ, ನಿನ್ನ ಗಡಿಯಾರ ನನಗೆ ಅರ್ಥ ಆಗಲ್ಲ,' ಎಂದುಕೊಂಡಳು. 'ಆದರೂ ಸಾಲಿನಲ್ಲಿ ನಿಂತಿದ್ದೀನಿ. ನೋಡ್ಕೋ.'

ಅವರ ಮುಂದೆ ಇನ್ನು ಒಂದೇ ಕುಟುಂಬವಿತ್ತು. ಅಷ್ಟರಲ್ಲಿ ಬಾಗಿಲ ಕಡೆ ಗದ್ದಲ. ಯಾರನ್ನೋ ತಳ್ಳಿ, ಯಾರಿಗೋ ಕ್ಷಮೆ ಕೇಳಿ, ಸರ್ಮದ್ ಓಡಿಬರುತ್ತಿದ್ದ. ಏಪ್ರನ್ ಬಿಚ್ಚಿರಲಿಲ್ಲ. ಕೂದಲಲ್ಲೆಲ್ಲ ಹಿಟ್ಟು. ಕೈಯಲ್ಲಿ ಒಂದು ನೀರಿನ ಬಾಟಲಿ.

ಸಾಲಿಗೆ ಕಟ್ಟಿದ್ದ ಪಟ್ಟಿಯ ಆಚೆ ನಿಂತು ಏದುಸಿರು ಬಿಟ್ಟ. ಹಿಕ್ಮತ್‌ನನ್ನು ನೋಡಿದ, ನಹ್ರೀನಳನ್ನು ನೋಡಿದ. ಬಾಯಿ ತೆರೆಯಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

ಬಸೀಮಾ ಅಳು ನಿಲ್ಲಿಸಿದಳು. ಬಂದಿದ್ದ ಕರಮ್ಲೇಸ್‌ಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

"ಹೋಗು ಅಂತೀಯಾ, ಇರು ಅಂತೀಯಾ?" ನಹ್ರೀನ್ ಪಿಸುಗುಟ್ಟಿದಳು.

ಅವನು ಕಣ್ಣಲ್ಲೇ ಗಾಲಿಕುರ್ಚಿಯ ಕಡೆ ತೋರಿಸಿದ, ಆಮೇಲೆ ತಪಾಸಣೆಯ ಬಾಗಿಲ ಕಡೆ. ಕಣ್ಣು ತುಂಬಿತ್ತು. ಬಾಟಲಿ ಹಿಡಿದ ಕೈ ಮಾತ್ರ ಹಿಂದೆ ಹೋಗಲಿಲ್ಲ.

"ಮೇಡಂ, ನೀರು ಒಳಗೆ ಬಿಡಲ್ಲ," ಎಂದ ಕಾವಲಿನವನು.

"ಕೇಳ್ತಲ್ಲಾ," ಎಂದ ಹಿಕ್ಮತ್. "ಒಳಗೆ ಬಿಡಲ್ಲ. ಇಲ್ಲೇ ಕುಡಿ, ಮಗಳೇ."

ನಹ್ರೀನ್ ಕುಡಿದಳು. ಗಟಗಟನೆ, ಗಲ್ಲದ ಮೇಲೆ, ಕತ್ತಿನ ಮೇಲೆ ಚೆಲ್ಲಿಕೊಳ್ಳುತ್ತಾ. ಅಷ್ಟು ದಿನದ ದಾಹ ಅದು.

ಹಿಕ್ಮತ್ ಚೀಲವನ್ನು ಕಂಕುಳಿಗೆ ಸಿಕ್ಕಿಸಿ ಸರ್ಮದ್‌ನ ಹೆಗಲು ಹಿಡಿದು ಅಲುಗಾಡಿಸಿದ. "ಆಣೆ ವಾಪಸ್ ತಗೊಂಡೆ ಕಣೋ. ಫೈಲಿಗೆ ಏನಾದ್ರೂ ಆಗ್ಲಿ, ಬಾಯಿ ಬಿಡೋ ಕತ್ತೆ!"

ಸರ್ಮದ್ ಅವಳ ಕಡೆ ತಿರುಗಿದ.

"ನಿನ್ನ ಬಿಟ್ಟು ಬೇರೆ ಯಾರೂ ಬೇಡ ನನಗೆ," ಎಂದ. "ಅಲ್ಲಿಗೆ ಯಾವಾಗ ಬರ್ತೀನೋ ಗೊತ್ತಿಲ್ಲ. ಬರ್ತೀನಿ."

"ಸರ್ಮದ್, ನಾನು ಹಾಲ್‌ನಲ್ಲಿ ಹೇಳಿದ್ದು ಸುಳ್ಳು. ನನಗೆ ಕನಸೇ ಬಿದ್ದಿರ್ಲಿಲ್ಲ."

"ಗೊತ್ತು. ನಿಮ್ಮ ಅಡುಗೆಮನೆ ಕಿಟಕಿ ನಮ್ಮನೆಗೆ ಕಾಣುತ್ತೆ. ನಲ್ಲಿಗೆ ಬಾಯಿಟ್ಟು ಎಮ್ಮೆ ಥರ ಕುಡೀತಿದ್ದೆ."

ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. "ಮತ್ತೆ ನೀನ್ಯಾಕೆ ಎದ್ದಿದ್ದೆ? ನೀನೂ ಪೋಖೀನ್ ತಿಂದಿದ್ಯಾ? ನಿನಗೆ ಯಾರು ಕೊಟ್ರು ನೀರು?"

"ಯಾರೂ ಕೊಡ್ಲಿಲ್ಲ," ಎಂದ ಸರ್ಮದ್. "ಕಾಯ್ತಾ ಇದ್ದೀನಿ."

ಬಾಟಲಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. ನಹ್ರೀನ್ ಬಾಯಿ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ಅವನ ಮುಂದೆ ಹಿಡಿದಳು.