ಬೇಹಿಗೆ ಹೋದ ಕೇತಲೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹೊಂಗೆಪುರವೆಂಬ ರಾಜ್ಯವಿತ್ತು. ಪಕ್ಕದ ಕೋಟೆಯ ಮಾಂತ್ರಿಕ ಉಗ್ರಜಟ ಅದರ ಮೇಲೆ ಯುದ್ಧ ಸಾರಿದ. ಅವನು ಕೈ ಎತ್ತಿದರೆ ಸಾಕು, ಎದುರಿಗಿದ್ದ ಸೈನಿಕರು ನಿಂತಲ್ಲೇ ಕಲ್ಲಾಗುತ್ತಿದ್ದರು. ಹಾಗೆ ಕಲ್ಲಾದವರಲ್ಲಿ ಕೇತಲೆಯ ತಮ್ಮ ಸಾವಂತನೂ ಇದ್ದ.

ಕೇತಲೆ ರಾಣಿಯ ತಲೆ ಬಾಚುವವಳು. ಒಂದು ದಿನ ರಾಣಿ ಅವಳ ಕೈ ಹಿಡಿದುಕೊಂಡು, "ಉಗ್ರಜಟನ ತಾಯಿ ದೇಮವ್ವನಿಗೆ ಕಣ್ಣು ಕಾಣುವುದಿಲ್ಲ. ತಲೆ ಬಾಚಲು ಹೆಂಗಸೊಬ್ಬಳನ್ನು ಹುಡುಕುತ್ತಿದ್ದಾರಂತೆ. ನೀನು ಹೋಗು. ಅವನ ಶಕ್ತಿ ಎಲ್ಲಿದೆಯೆಂದು ತಿಳಿದು, ಅದನ್ನು ಮುರಿದು ಬಾ" ಎಂದಳು.

ಕೋಟೆಗೆ ಮೂರು ಬಾಗಿಲು. ಮೂರರಲ್ಲೂ ಸುಳ್ಳಾಡಿದವರನ್ನು ಕೊಲ್ಲುವ ಕಾವಲು.

ಮೊದಲ ಬಾಗಿಲಲ್ಲಿ ಕಬ್ಬಿಣದ ಗಿಣಿ ಕೇಳಿತು: "ನೀನು ಯಾರು?"

"ತಲೆ ಬಾಚುವವಳು."

ಎರಡನೆಯದರಲ್ಲಿ ಎರಡು ಹೆಡೆಯ ಹಾವು ಕೇಳಿತು: "ಯಾಕೆ ಬಂದೆ?"

"ನನ್ನ ತಮ್ಮನಿಗಾಗಿ. ಅವನನ್ನು ಬಿಟ್ಟರೆ ನನಗೆ ಯಾರೂ ಇಲ್ಲ."

ಮೂರನೆಯದರಲ್ಲಿ ಬೆಂಕಿಗಣ್ಣಿನ ಹುಲಿ ಕೇಳಿತು: "ಒಳಗಿರುವ ತಾಯಿಗೆ ಕೇಡು ಬಗೆಯುತ್ತೀಯಾ?"

"ಇಲ್ಲ."

ಆ ಹೊತ್ತಿಗೆ ಅದೂ ನಿಜವಾಗಿತ್ತು. ಹುಲಿ ದಾರಿ ಬಿಟ್ಟಿತು.

ದೇಮವ್ವ ಕೇತಲೆಯನ್ನು ಮಗಳೇ ಎಂದು ಕರೆದಳು, ಪಕ್ಕದಲ್ಲೇ ಕೂರಿಸಿಕೊಂಡು ಉಣಿಸಿದಳು. ಹುಣ್ಣಿಮೆ ಕಳೆದು ಅಮಾವಾಸ್ಯೆ ಬಂತು. ಒಂದು ಬೆಳಿಗ್ಗೆ ಅವಳೇ ಹೇಳಿದಳು: "ನನ್ನ ನರೆಗೂದಲ ನಡುವೆ ಒಂದೇ ಒಂದು ಕರಿ ಕೂದಲಿದೆ. ಜೋಪಾನ ಕಣೇ. ಮಗನ ಮಂತ್ರವೂ ಅದರಲ್ಲೇ, ನನ್ನ ಉಸಿರೂ ಅದರಲ್ಲೇ."

ಕೇತಲೆಯ ಕೈ ನಿಂತುಹೋಯಿತು. ಅವಳು ಕೂದಲು ಕೀಳಲಿಲ್ಲ. ಆ ದಿನ ಕಿಟಕಿಯಾಚೆ, ಬಯಲಿನಲ್ಲಿ, ಅವಳ ಕಡೆಯ ನೂರು ಜನ ಕಲ್ಲಾದರು. ಮರುದಿನವೂ ಕೀಳಲಿಲ್ಲ. ಇನ್ನೂರು ಜನ ಕಲ್ಲಾದರು. ಮೂರನೆಯ ದಿನ ಯುದ್ಧಕ್ಕೆ ಸೈನಿಕರೇ ಉಳಿದಿರಲಿಲ್ಲ. ಅವಳ ಬೀದಿಯ ಮುದುಕರು ಈಟಿ ಊರಿಕೊಂಡು ಬರುತ್ತಿದ್ದರು.

ಕೇತಲೆ ಕಣ್ಣು ಮುಚ್ಚಿ ಕೂದಲು ಕಿತ್ತಳು.

"ಏನೇ ಅದು, ಚುರ್ ಎಂದಿತು?"

"ಏನಿಲ್ಲವ್ವ. ಸಿಕ್ಕು."

ಸುಳ್ಳಿನ ವಾಸನೆ ಹಿಡಿದು ಹುಲಿ ಘರ್ಜಿಸುತ್ತ ಓಡಿಬಂತು. ಹೊಸ್ತಿಲು ದಾಟುವಷ್ಟರಲ್ಲಿ ಬೂದಿಯಾಗಿ ಉದುರಿತು. ದೇಮವ್ವ ಅವಳ ಮಡಿಲಿಗೆ ತಲೆಯಿಟ್ಟು, "ಮೆಲ್ಲಗೆ ಬಾಚೇ" ಎಂದಳು. ಮತ್ತೆ ಮಾತಾಡಲಿಲ್ಲ.

ಬಯಲಿನ ಕಲ್ಲುಗಳೆಲ್ಲ ಮೈಮುರಿದು ಎದ್ದವು. ಸಾವಂತ ಮನೆಗೆ ಬಂದ. ಮಂತ್ರ ಕಳೆದುಕೊಂಡ ಉಗ್ರಜಟ ಎಲ್ಲರಂತೆ ಮನುಷ್ಯನಾದ. ರಾಣಿ ಅವನ ಪ್ರಾಣ ಉಳಿಸಿ, ಉಳಲು ಒಂದು ಹೊಲ ಕೊಟ್ಟಳು. ಕೇತಲೆಗೆ ಊರೊಂದನ್ನೇ ಕೊಡಲು ಬಂದಳು. ಕೇತಲೆ ತೆಗೆದುಕೊಳ್ಳಲಿಲ್ಲ.

ವರ್ಷ ಕಳೆದ ಮೇಲೆ ಒಂದು ಸಂಜೆ ಉಗ್ರಜಟ ಅವಳ ಬಾಗಿಲಿಗೆ ಬಂದು ನಿಂತ. ಅವಳೇ ಮೊದಲು ಬಾಯಿ ಬಿಟ್ಟಳು: "ನಿನ್ನ ತಾಯಿಯನ್ನು ಕೊಂದವಳು ನಾನು."

"ಗೊತ್ತು. ಯುದ್ಧದ ಗಡಿಬಿಡಿಯಲ್ಲಿ ನಾನು ಅವಳನ್ನು ನೋಡಲು ಹೋಗಲೇ ಇಲ್ಲ," ಎಂದ ಅವನು. "ಆ ದಿನ ಊಟ ಮಾಡಿದ್ದಳೇ?"

"ಮಾಡಿದ್ದಳು. ಇಬ್ಬರೂ ಕೂತು ಉಂಡಿದ್ದೆವು."

ಅವನು ಕಣ್ಣೊರೆಸಿಕೊಂಡು ಹೊಲದ ಕಡೆ ಹೊರಟುಹೋದ.

ಆಮೇಲೆ ಆ ನಾಡಿನಲ್ಲಿ ಯುದ್ಧವೇ ಆಗಲಿಲ್ಲ. ಸಾವಂತನಿಗೆ ಮದುವೆಯಾಗಿ ಮನೆ ತುಂಬ ಮಕ್ಕಳಾದರು. ಎಲ್ಲರೂ ಸುಖವಾಗಿ ಬಾಳಿದರು. ಕೇತಲೆಯೂ ಅವರ ನಡುವೆ ಬಾಳಿದಳು.