ವಿಮಾನಕ್ಕೆ ಹಿಡಿದ ತುಕ್ಕು

ಹೊಸಪೇಟೆಯ ಲಾರಿ ಪೇಂಟಿಂಗ್ ಶೆಡ್ಡಿಗೆ ಹೇಮಾ ಬಂದಾಗ ಮೌನೇಶ್ ತಲೆ ಎತ್ತಲಿಲ್ಲ. ಅವನ ಕೈಯಲ್ಲಿದ್ದ ಬ್ರಷ್ ಮಾತ್ರ ಒಂದು ಕ್ಷಣ ನಿಂತಿತು. ಅದನ್ನು ಅವಳು ಗಮನಿಸಿದಳು.

ಮೇಜಿನ ಮೇಲೆ ಗೇಣುದ್ದದ ಆಟಿಕೆ ಯುದ್ಧವಿಮಾನ ಬಿದ್ದಿತ್ತು. ಒಂದು ರೆಕ್ಕೆ ಮುರಿದಿತ್ತು, ಮೂಗು ಹಲಗೆಯ ಮೇಲೆ ಹರಡಿದ ಮಣ್ಣಿನಲ್ಲಿ ಹೂತಿತ್ತು. ಪ್ಲಾಸ್ಟಿಕ್ ಕಿಟ್ ತರಿಸಿ, ಜೋಡಿಸಿ, ಆಮೇಲೆ ತಾನೇ ಮುರಿದು, ಎಂಬತ್ತು ವರ್ಷ ಬಯಲಲ್ಲಿ ಬಿದ್ದಿದ್ದ ಹಾಗೆ ಕಾಣಿಸಲು ಲಾರಿ ಪೇಂಟರ್ ಮೌನೇಶ್ ನಾಲ್ಕು ತಿಂಗಳಿಂದ ಬಿಡುವಿನಲ್ಲಿ ಹೆಣಗುತ್ತಿದ್ದ. ತುಕ್ಕು ಹಚ್ಚುವುದು, ಒರೆಸುವುದು, ಮತ್ತೆ ಹಚ್ಚುವುದು.

ಅದಕ್ಕೆ ಬೇಕಾದ ಕೆಂಪು ಪುಡಿ ಹೇಮಾ ತರುತ್ತಿದ್ದಳು. ಯಶವಂತನಗರದ ಬಳಿ ಗಣಿಯೊಂದರ ಲ್ಯಾಬಿನಲ್ಲಿ ಕಬ್ಬಿಣದ ಅದಿರಿನ ಪರೀಕ್ಷೆ ಅವಳ ಕೆಲಸ. ಉಳಿದ ಪುಡಿ ಪ್ರತಿ ಶನಿವಾರ ಒಂದು ಡಬ್ಬಿ. ಅದಕ್ಕಾಗಿ ಕಂಪನಿ ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿಯುತ್ತಿದ್ದಳು.

ಇವತ್ತು ಅವಳು ಕೂರಲಿಲ್ಲ. ಬಾಗಿಲವರೆಗೆ ಹೋದಳು, ಬಂದಳು. ನಾಳೆ ಮರಿಯಮ್ಮನಹಳ್ಳಿಯಿಂದ ತನ್ನನ್ನು ನೋಡಲು ಬರುತ್ತಾರೆ ಎಂದಳು. ಹುಡುಗನಿಗೆ ಎರಡು ಟಿಪ್ಪರ್ ಇವೆಯಂತೆ.

ಮೌನೇಶ್ ಬಾಲಕ್ಕೆ ಇನ್ನೊಂದು ಪದರ ತುಕ್ಕು ಹಚ್ಚಿದ. ಟಿಪ್ಪರ್ ಯಾವ ಬಣ್ಣ ಎಂದು ಕೇಳಿದ.

“ಕೇಳಿ ಹೇಳ್ತೀನ್ರಿ. ನಿಮಗೊಂದು ಗಿರಾಕಿ ಆಗ್ತಾರ.”

ಅವನ ಕಿವಿ ಕೆಂಪಾಯಿತು. ಅವಳು ಮತ್ತೆ ಬಾಗಿಲವರೆಗೆ ಹೋದಳು. ಈ ಸಲ ಹೊರಟೇಬಿಡಬಹುದಿತ್ತು.

“ಮೌನೇಶ್, ಅದು ತಪ್ಪೈತ್ರಿ.”

“ಯಾವ್ದು?”

“ತುಕ್ಕು. ಲಾರಿ ಕಬ್ಬಿಣದ್ದು, ಕೆಂಪಾಗತೈತಿ. ವಿಮಾನದ ಮೈ ಅಲ್ಯುಮಿನಿಯಂ. ಎಷ್ಟು ವರ್ಷ ಬಿದ್ರೂ ಬೆಳ್ಳಗ, ಬೂದಿ ಹಂಗ ಆಗತೈತಿ ಅಷ್ಟ.”

ಅವನು ವಿಮಾನ ನೋಡಿದ. ಆಮೇಲೆ ಅವಳನ್ನು ನೋಡಿದ, ನೇರವಾಗಿ, ಬಹಳ ಹೊತ್ತು.

“ನಿಮಗ ಯಾವಾಗ ಗೊತ್ತಾತು?”

“ಮೊದಲ್ನೇ ಡಬ್ಬಿ ತಂದ ದಿನಾನ.”

ದಶಾಂಶದ ಎರಡನೇ ಅಂಕಿ ತಪ್ಪಿದರೂ ರಿಪೋರ್ಟ್ ವಾಪಸ್ ಕಳಿಸುವವಳು ಅವಳು. ಅದು ಅವನಿಗೂ ಗೊತ್ತಿತ್ತು.

“ಮತ್ತ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಿಮಗ ಪುಡಿ ಬ್ಯಾಡಾಗ್ತಿತ್ತು. ಶನಿವಾರ ನಾ ಏನಂತ ಬರ್ಲಿ?”

ಬ್ರಷ್ ಇಡಲು ಹೋಗಿ ಅವನು ಥಿನ್ನರ್ ಡಬ್ಬಿ ಉರುಳಿಸಿದ. ಥಿನ್ನರ್ ಮೇಜಿನಿಂದ ತೊಟ್ಟಿಕ್ಕುತ್ತಿದ್ದರೂ ಡಬ್ಬಿ ಎತ್ತಲಿಲ್ಲ.

“ಅವರು ಎಷ್ಟಕ್ಕ ಬರ್ತಾರ?”

“ಹನ್ನೊಂದಕ್ಕ.”

“ನಾ ಅವ್ವನ್ನ ಕರ್ಕೊಂಡು ಒಂಬತ್ತಕ್ಕ ಬರ್ತೀನಿ.”

ಹೇಮಾ ಆಗ ಸ್ಟೂಲ್ ಎಳೆದುಕೊಂಡು ಕೂತಳು.

“ಎಂಟಕ್ಕ ಬರ್ರಿ,” ಎಂದಳು. “ಒಂಬತ್ತಕ್ಕ ಅಪ್ಪ ಆ ಟಿಪ್ಪರ್‌ನವರಿಗೆ ಸ್ವೀಟ್ ತರಾಕ ಹೋಗ್ತಾರ.”